ಅಂಕಲ್ ನಾಲಿಗೆ ಉಜ್ಜುವ ಸದ್ದು

ನಾನೇನೂ ಕೆಟ್ಟವನಲ್ಲ, ನಾಲಿಗೆ ಸ್ವಲ್ಪ ಉದ್ದ, ಅಷ್ಟೇ. ಹೀಗೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ನಂಬಿಕೆ ಬಂದಿಲ್ಲ.

ಇಟ್ಟಮಡುವಿನಲ್ಲಿ ನಾವು ಮಹಡಿ ಮೇಲೆ ಬಾಡಿಗೆಗಿದ್ದೆವು. ಕೆಳಗೆ ಮನೆ ಓನರ್ ಅಂಕಲ್, ಆಂಟಿ. ಅಂಕಲ್ ಬೆಳಿಗ್ಗೆ ಆರಕ್ಕೆ ಸಂಪಿನ ಪಕ್ಕ ನಿಂತು ನಾಲಿಗೆ ಉಜ್ಜಿದರೆಂದರೆ ಇಡೀ ಕ್ರಾಸ್ ಎದ್ದು ಕೂರುತ್ತಿತ್ತು. ಮೊದಲು ಕ್ಯಾಕರಿಕೆ, ಆಮೇಲೆ ಕರುಳೇ ಹೊರಬರುವಂಥ ಒಂದು ‘ವ್ಯಾಕ್’, ಕೊನೆಗೆ ‘ಶಿವಾ’ ಎಂಬ ನಿಟ್ಟುಸಿರು. ಲಾಕ್‌ಡೌನ್‌ನಲ್ಲಿ ರಸ್ತೆಯಲ್ಲಿ ಬೇರೆ ಸದ್ದೇ ಇಲ್ಲದೆ ಅದು ಇನ್ನೂ ಜೋರಾಗಿ ಕೇಳುತ್ತಿತ್ತು.

ಬೇಜಾರು ಕಳೆಯಲು ಅದನ್ನೇ ಅಣಕಿಸಿ ರೆಕಾರ್ಡ್ ಮಾಡಿದೆ. ‘ಈ ಗಂಟಲಿಗೆ ಬಂದ್ರೆ ಕೊರೊನಾನೇ ಹೆದರ್ಕೊಂಡು ಓಡೋಗತ್ತೆ’ ಎಂದು ಕೊನೆಗೆ ಸೇರಿಸಿದೆ. ತಂಗಿಗೆ ಕಳಿಸಲು ಹೋಗಿ ನಮ್ಮ ಕ್ರಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಕ್ಷಣ ಅಳಿಸಬಹುದಿತ್ತು, ಅಳಿಸಲಿಲ್ಲ. ನನ್ನ ಮಾತಿಗೆ ಅಷ್ಟು ಜನ ನಕ್ಕು ಎಷ್ಟೋ ದಿನವಾಗಿತ್ತು. ಅಂಕಲ್ ಕೂಡ ಕೈಮುಗಿದ ಚಿತ್ರವೊಂದನ್ನು ಹಾಕಿದರು.

ಮರುದಿನದಿಂದ ಅವರು ಬಚ್ಚಲಿನೊಳಗೆ, ನಲ್ಲಿ ಬಿಟ್ಟುಕೊಂಡು ಮುಖ ತೊಳೆಯತೊಡಗಿದರು.

ಎರಡನೇ ಅಲೆಯಲ್ಲಿ ಅವರಿಗೆ ಕೆಮ್ಮು ಶುರುವಾಯಿತು. ಮಹಡಿಗೆ ಒಂದು ಸಲವೂ ಕೇಳಿಸಲಿಲ್ಲ. ಐದನೇ ದಿನ ಆಂಬುಲೆನ್ಸ್ ಬಂದಾಗಲೇ ನಮಗೆ ಗೊತ್ತಾದದ್ದು. ಜೆ.ಪಿ. ನಗರದ ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. “ಮೇಲ್ಗಡೆಯವ್ರು ಮತ್ತೆ ನಗ್ತಾರೆ ಅಂತ ದಿಂಬಿಗೆ ಬಾಯಿ ಒತ್ಕೊಂಡು ಕೆಮ್ತಿದ್ರು” ಎಂದು ಆಂಟಿ ಆಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ. ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು.

ಎಷ್ಟೋ ದಿನ ನಾನು ಆಂಟಿಯ ಕಣ್ಣಿಗೆ ಬೀಳದಂತೆ ಮೆಟ್ಟಿಲಿಳಿದು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಸಂಪಿನ ಹತ್ತಿರವೇ ಎದುರಾದರು. “ತಪ್ಪಾಯ್ತು ಆಂಟಿ” ಎಂದೆ.

“ಇರ್ಲಿ ಬಿಡಪ್ಪ” ಎಂದರು. ಕೈಲಿದ್ದ ಬಿಂದಿಗೆ ಕೆಳಗಿಟ್ಟು, “ನಂಗೀಗ ಬೆಳಿಗ್ಗೆ ಎಚ್ಚರಾನೇ ಆಗಲ್ಲ. ಅವ್ರ ದನಿ ಎಲ್ಲೂ ಉಳೀಲಿಲ್ಲ. ನೀನು ಅವ್ರಂಗೇ ಮಾಡ್ತೀಯಲ್ಲ, ಒಂದ್ಸಲ ಮಾಡು” ಎಂದರು.

ತಮಾಷೆಗೆ ಹೇಳುತ್ತಿದ್ದಾರೇನೋ ಎಂದು ಮುಖ ನೋಡಿದೆ. ಕಾಯುತ್ತ ನಿಂತಿದ್ದರು.

ಕ್ಯಾಕರಿಸಿದೆ. ‘ವ್ಯಾಕ್’ ಎಂದೆ. ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ‘ಶಿವಾ’ ಅನ್ನಲು ನನ್ನಿಂದಾಗಲಿಲ್ಲ. ಅದನ್ನು ಅವರೇ ಅಂದರು.