ಹಗೇವಿನ ಮೇಲೆ ಕೂತು ಓದಿದ ಚೀನಿ

ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಚೀನಿ ಭಾಷೆ ಕಲಿತು, ಊರಿಗೆ ಮರಳಿ ಉಮರ್ಗಾದ ಶಾಲೆಯಲ್ಲಿ ಮಾಸ್ತರನಾದೆ. ಪೊಲೀಸ್ ಕಾರ್ಯಾಚರಣೆಯ ನಂತರ ಶಾಲೆಗಳಲ್ಲಿ ಉರ್ದು ಹೋಗಿ ಮರಾಠಿ ಬರುತ್ತಿದ್ದ ಕಾಲ. ನನ್ನ ಚೀನಿ ಯಾರಿಗೂ ಬೇಕಿರಲಿಲ್ಲ, ಮರೆತೂ ಹೋಯಿತು. ಹೀಗಿರುವಾಗ ದಿಲ್ಲಿಯಿಂದ ಚೀನಿ ಭಾಷಾಂತರಕಾರರ ಹುದ್ದೆಗೆ ಮಾತಿನ ಪರೀಕ್ಷೆಯ ಕರೆ ಬಂತು. ಆ ಕೆಲಸ ನನಗೆ ಎಷ್ಟು ಬೇಕಿತ್ತೆಂದರೆ ಹಾಗೆಂದು ಬಾಯಿಬಿಟ್ಟು ಹೇಳಲೂ ಹೆದರಿಕೆ.

ಉಮರ್ಗಾದ ಹತ್ತಿರದ ಮುರುಮ ಊರಿನ ನಮ್ಮ ಮನೆಯಲ್ಲಿ ಸದ್ದಿಲ್ಲದ ಜಾಗವೆಂದರೆ ಕಾಳಿನ ಕೋಣೆ. ಅದರ ನೆಲದಡಿ ಜೋಳ ತುಂಬುವ ಹಗೇವು; ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದರು. ಶಾಲೆ ಬಿಟ್ಟು ಬಂದು ಆ ಕಲ್ಲಿನ ಮೇಲೆ ಕೂತು ಹಳೆಯ ಪಾಠ ಗಟ್ಟಿಯಾಗಿ ಓದುತ್ತಿದ್ದೆ. ಮೊದಲು ಬಿಡಿ ಶಬ್ದಗಳು ನೆನಪಾದವು. ಆಮೇಲೆ ಒಂದು ಸಂಜೆ ಪುಸ್ತಕದಲ್ಲಿಲ್ಲದ ವಾಕ್ಯಗಳು ತಾವಾಗಿ ಬರತೊಡಗಿದವು. ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಒಳಗ ಯಾರದಾರೋ ತಮ್ಮಾ?"

"ನಾನೇ ಯವ್ವಾ. ಓದಲಿಕ್ಹತ್ತೀನಿ."

"ಇನ್ನೊಬ್ಬ ಯಾರು? ಮುದುಕನ ದನಿ. ಉಸಿರು ಸಿಗವಲ್ದು ಅವಗ."

"ಓದಿ ಓದಿ ನಾನೇ ಮುದುಕ ಆಗೀನಿ."

ಅವಳು ನಗಲಿಲ್ಲ.

ಹಗೇವಿಗೆ ಇಳಿದವನನ್ನು ಮೇಲಿನವರು ಕೂಗುತ್ತಲೇ ಇರುತ್ತಾರೆ, ಅವನು ಒಳಗಿನಿಂದ ಓ ಅನ್ನುತ್ತಲೇ ಇರಬೇಕು. ಓ ನಿಂತರೆ ಕೆಟ್ಟ ಗಾಳಿ ಬಡಿದಿದೆಯೆಂದು ಹಗ್ಗ ಎಳೆಯುತ್ತಾರೆ. ಅಂದಿನಿಂದ ಅವ್ವ ಅಡುಗೆಮನೆಯಿಂದ ನನ್ನನ್ನು ಹಾಗೆ ಕೂಗತೊಡಗಿದಳು. ಒಂದು ದಿನ ನಾನು ಓ ಅನ್ನಲೇ ಇಲ್ಲವೆಂದು ಲಿಂಗ ಮುಟ್ಟಿ ಹೇಳಿದಳು. ಓ ಅಂದದ್ದು ನನಗೆ ನೆನಪಿತ್ತು. ಆದರೆ ನನ್ನ ನೆನಪಿನ ಮೇಲೆ ಆಣೆ ಮಾಡುವಷ್ಟು ನಂಬಿಕೆ ನನಗೆ ಎಂದೂ ಇಲ್ಲ. ಮರುದಿನ ಆಳುಗಳನ್ನು ಕರೆಸಿ ಕಲ್ಲು ತೆಗೆಸಿ ಕಂದೀಲು ಇಳಿಸಿದಳು. ದೀಪ ಆರಲಿಲ್ಲ, ಕೆಟ್ಟ ಗಾಳಿಯಿರಲಿಲ್ಲ. ಕೆಳಗೆ ಜೋಳವಷ್ಟೇ ಇತ್ತು.

"ಇಲ್ಲಿ ಇಲ್ಲಂದ್ರ ಅಂವಾ ನಿನ್ನ ಎದಿಯಾಗ ಕುಂತಾನ," ಎಂದಳು.

ಸಂತೆಗೆ ಸೈಕಲ್ಲಿನ ಮೇಲೆ ರೇಷ್ಮೆ ಬಟ್ಟೆಯ ಗಂಟು ಹೇರಿಕೊಂಡು ಚೀನಿ ವ್ಯಾಪಾರಿಯೊಬ್ಬ ಬರುತ್ತಿದ್ದ. ಧೈರ್ಯ ಮಾಡಿ ಅವನ ಭಾಷೆಯಲ್ಲೇ ಮಾತಾಡಿಸಿದೆ. ಅರಳಿದ ಮುಖ ಮರುಗಳಿಗೆಯಲ್ಲಿ ಬಾಡಿತು. ನನ್ನ ಬೆನ್ನ ಹಿಂದೆ ಇಣುಕಿ ನೋಡಿದ. ಆಮೇಲೆ ಹರಕು ಹಿಂದಿಯಲ್ಲಿ, "ಮಾಸ್ಟರ್ ಸಾಬ್, ತುಮ್ ಬೀಮಾರ್?" ಎಂದ.

"ನಹೀ ತೊ."

"ಬುಡ್ಢಾ ಆದ್ಮೀ ಐಸಾ ಬೋಲ್ತಾ. ಮರ್ನೇ ಕೇ ಟೈಮ್." ಸಾಯುವ ಹೊತ್ತಿನ ಮುದುಕರು ಹೀಗೆ ಮಾತಾಡುತ್ತಾರಂತೆ; ಮಾತಿನಲ್ಲಿ ನಿಲ್ಲಬಾರದ ಕಡೆಯೆಲ್ಲ ನಾನು ನಿಂತು ಉಸಿರೆಳೆಯುತ್ತೇನೆಂದು ತನ್ನ ಎದೆ ಮುಟ್ಟಿ ತೋರಿಸಿದ.

ಚೀನಿ ಕಲಿಸಿದ ನಮ್ಮ ವಯಸ್ಸಾದ ಗುರುಗಳಿಗೆ ಉಬ್ಬಸವಿತ್ತು. ನನ್ನ ಎರಡನೆಯ ವರ್ಷದ ಕೊನೆಗೆ ತೀರಿಕೊಂಡರು. ಅವರದಲ್ಲದೆ ಬೇರೆ ಚೀನಿಯನ್ನೇ ನಾನು ಕೇಳಿರಲಿಲ್ಲ. ಆ ಏದುಸಿರನ್ನೂ ಭಾಷೆಯೆಂದೇ ಕಲಿತಿದ್ದೆನೆ? ಅಥವಾ ವ್ಯಾಪಾರಿ ಹೇಳಿದ ಮೇಲೆ ಉಬ್ಬಸವನ್ನು ಅವರಿಗೆ ನಾನೇ ಅಂಟಿಸಿದೆನೆ? ಮುಖ ನೆನೆಯಲು ಹೋದರೆ ಮುಖ ಬರಲಿಲ್ಲ. ಉಸಿರು ಬಂತು.

ಪರೀಕ್ಷೆಗೆ ಮೊದಲು ಆ ಏದುಸಿರಿನ ರೂಢಿ ಬಿಡಬೇಕೆಂದು ಹಠ ಹಿಡಿದೆ. ಆದರೆ ಉಸಿರನ್ನು ತಡೆದಲ್ಲೆಲ್ಲ ಮುಂದಿನ ಶಬ್ದವೂ ಹೊರಗೆ ಬರುತ್ತಿರಲಿಲ್ಲ.

ದಿಲ್ಲಿಯಲ್ಲಿ ಪರೀಕ್ಷಕರ ಎದುರು ಮೊದಲ ವಾಕ್ಯ ಸರಾಗವಾಗಿ ಹೋಯಿತು. ಎರಡನೆಯದರ ನಡುವೆ ಮಾತು ನಿಂತಿತು. ಉಸಿರೆಳೆದುಕೊಂಡಿದ್ದರೆ ಬರುತ್ತಿತ್ತು, ಕೆಲಸವೂ ಸಿಗುತ್ತಿತ್ತೇನೋ. ನಾನು ಎಳೆದುಕೊಳ್ಳಲಿಲ್ಲ, ತುಟಿ ಬಿಗಿಹಿಡಿದು ಕೂತೆ. ಆದರೂ ಆ ಕೋಣೆಯಲ್ಲಿ ಯಾರೋ ಕಷ್ಟಪಟ್ಟು ಉಸಿರೆಳೆದದ್ದು ಕೇಳಿಸಿತು. ಪರೀಕ್ಷಕರಲ್ಲೊಬ್ಬರು ಗಾಬರಿಯಿಂದ ಎದ್ದು ನನಗೆ ನೀರು ಕೊಟ್ಟು, ಇನ್ನು ಮಾತಾಡಬೇಡಿ ಎಂದರು.

ಕೆಲಸ ಸಿಗಲಿಲ್ಲ. "ಹೋಗಲಿ ಬಿಡು ಯಪ್ಪಾ," ಎಂದ ಅವ್ವನ ಮುಖದಲ್ಲಿ ನೆಮ್ಮದಿಯಿತ್ತು. ಆಮೇಲೆ ನಾನು ಚೀನಿಯಲ್ಲಿ ಮಾತಾಡಿಲ್ಲ. ಮದುವೆಯಾಗಿ ವರ್ಷಗಳಾದವು, ನಿದ್ದೆಯಲ್ಲಿ ಏನಾದರೂ ಮಾತಾಡುತ್ತೇನೆಯೇ ಎಂದು ಹೆಂಡತಿಯನ್ನು ಇನ್ನೂ ಕೇಳಿಲ್ಲ.