ನೆಲೋಗಿ ಬಸ್ಸಿನಲ್ಲಿ ಸುವಾರ್ತಮ್ಮ ಅಕ್ಕೋರು

ಜೇವರ್ಗಿಯ ನಮ್ಮ ಸಣ್ಣ ಕ್ರೈಸ್ತ ಶಾಲೆಯಲ್ಲಿ ಸುವಾರ್ತಮ್ಮ ಅಕ್ಕೋರಷ್ಟು ಪುಕ್ಕಲು ಜೀವ ಇನ್ನೊಂದಿರಲಿಲ್ಲ. ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಿದ್ದರು. ಗುಡುಗಿದರೆ ಪಾಠ ನಿಲ್ಲಿಸಿ ನಮ್ಮ ನಡುವೆ ಬಂದು ಕೂರುತ್ತಿದ್ದರು, ನಮಗೆ ಧೈರ್ಯ ಹೇಳುವ ನೆಪದಲ್ಲಿ. ಇನ್ಸ್‌ಪೆಕ್ಟರ್ ಬರುವ ದಿನ ಬೆಳಗಿನಿಂದಲೇ ಅವರಿಗೆ ಹೊಟ್ಟೆನೋವು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಆದರೆ ಅವರ ಕೈಯಲ್ಲಿ ಬೆತ್ತ ಕಂಡವರಿಲ್ಲ. ಏನಾದರೂ ಒಡೆದರೆ, ಕಳೆದರೆ, ಯಾರು ಮಾಡಿದ್ದೆಂದು ಎಲ್ಲರ ಮುಂದೆ ಕೇಳುತ್ತಿರಲಿಲ್ಲ. ಸಂಜೆ ಚರ್ಚಿನ ಕಟ್ಟೆಯ ಮೇಲೆ ಒಬ್ಬರೇ ಕೂತಿರುತ್ತಿದ್ದರು. ಹೇಳಬೇಕಾದವರು ಹೋಗಿ ಹೇಳಬೇಕು. ಕೆಲವರಿಗೆ ಒಂದು ವಾರ ಹಿಡಿಯುತ್ತಿತ್ತು. ಅಕ್ಕೋರು ಅಷ್ಟೂ ದಿನ ಹೋಗಿ ಕೂರುತ್ತಿದ್ದರು.

ನಾನು ನೆಲೋಗಿಯ ಲಿಂಗಾಯತರ ಮನೆಯ ಹುಡುಗಿ. ೧೯೭೯ರಲ್ಲಿ ಅಪ್ಪ ಜಗದೇವಪ್ಪ ನನ್ನನ್ನು ಆ ಶಾಲೆಯ ಹಾಸ್ಟೆಲಿಗೆ ಸೇರಿಸುತ್ತೇನೆಂದಾಗ ಅವನ ತಾಯಿ ಗುರಮ್ಮ ಆಯಿ ಮೂರು ದಿನ ಅವನೊಂದಿಗೆ ಮಾತು ಬಿಟ್ಟಿದ್ದಳು. ಕಡೆಗೆ ಒಂದು ಕರಾರಿನ ಮೇಲೆ ಒಪ್ಪಿದಳು. ನನ್ನ ಕೊರಳಿನ ಲಿಂಗ ಇಳಿಯಕೂಡದು, ಲಿಂಗಪೂಜೆಯಾಗದೆ ತುತ್ತು ಬಾಯಿಗೆ ಹೋಗಕೂಡದು. ತಪ್ಪಿದ ದಿನವೇ ಶಾಲೆ ಬಂದ್. ಅವಳಿಗೆ ಮಾತು ಕೊಟ್ಟವರು ಸುವಾರ್ತಮ್ಮ ಅಕ್ಕೋರು. ನನ್ನ ಪೂಜೆ ಮುಗಿಯುವ ತನಕ ಯಾರೂ ಗದ್ದಲ ಮಾಡದಂತೆ ದಿನವೂ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಮರುವರ್ಷ ಆಟೋಟದ ತಯಾರಿ ನಡೆದಿತ್ತು. ಉದ್ದ ಜಿಗಿತದಲ್ಲಿ ಲಿಂಗವಿಟ್ಟ ಬೆಳ್ಳಿ ಡಬ್ಬಿ, ಅಂದರೆ ಕರಡಿಗೆ, ಬಡಿದು ಬಡಿದು ನನ್ನ ಎದೆಯ ಚರ್ಮ ಸುಲಿದಿತ್ತು. ಅಕ್ಕೋರು ನೋಡಲಾರದೆ, "ಬಿಚ್ಚಿ ನನ್ನ ಕೈಯಾಗ ಕೊಡು ನೀಲಾ. ಜಿಗಿದು ಬಂದ ಕೂಡ್ಲೇ ಹಾಕ್ಕೊಳ್ಳುವಂತಿ," ಎಂದರು. ಅಷ್ಟರಲ್ಲಿ ನನ್ನ ಸರದಿ ಬಂತು. ಅವರ ತನಕ ಹೋಗುವ ಪುರುಸೊತ್ತೆಲ್ಲಿ. ಬೇವಿನ ಕೊಂಬೆಗೆ ತೂಗುಹಾಕಿ ಓಡಿದೆ. ನಾಲ್ಕು ಸಲ ಜಿಗಿದು ತಿರುಗಿ ಬಂದಾಗ ಕೊಂಬೆ ಬರಿದಾಗಿತ್ತು.

ಗಿಡದ ಬುಡದಲ್ಲಿ ತಡಕಾಡಿದೆ, ಸಿಗಲಿಲ್ಲ. ಅಕ್ಕೋರು ಬಂದು, "ಲಿಂಗ ಹಾಕ್ಕೊಂಡಿಯೇನವ್ವ?" ಎಂದರು.

"ನಿಮ್ಮ ಕೈಯಾಗ ಕೊಟ್ಟೇನಲ್ರಿ ಅಕ್ಕೋರ," ಎಂದುಬಿಟ್ಟೆ.

ಅವರು ಮರೆಗುಳಿಯೆಂದು ಇಡೀ ಶಾಲೆಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಸೆರಗು ಝಾಡಿಸಿದರು, ಟೇಬಲ್ಲಿನ ಖಾನೆ ಬುಡಮೇಲು ಮಾಡಿದರು, ಮೈದಾನದ ಮಣ್ಣು ಕೆದರಿದರು. ನಾನೂ ಹಿಂದೆ ಹಿಂದೆ ಹುಡುಕುವ ನಾಟಕವಾಡಿದೆ. ಇವತ್ತಿಗೂ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮಧ್ಯಾಹ್ನ ನಾನು ಉಣ್ಣಲಿಲ್ಲ, ಅವರೂ ಉಣ್ಣಲಿಲ್ಲ. ಅಡುಗೆಯ ನಿಂಬೆವ್ವ ಬುದ್ಧಿ ಹೇಳಿದಳು: "ಹುಡುಗಿನೇ ಕಳಕೊಂಡಾಳಂತ ಹೇಳ್ರಿ ಅಕ್ಕೋರ. ಕಿರಿಸ್ತಾನರು ಲಿಂಗ ಬಿಚ್ಚಿಸ್ಯಾರಂದ್ರ ಊರ ಮಂದಿ ಸುಮ್ಮನ ಬಿಡ್ತಾರೇನು?" ಅಕ್ಕೋರು ನನ್ನ ಕೈಹಿಡಿದು ಎರಡು ಗಂಟೆಯ ಬಸ್ಸು ಹತ್ತಿದರು.

"ಹೆದರಿಕಿ ಆಗ್ಯಾದೇನು?" ದಾರಿಯಲ್ಲಿ ಕೇಳಿದರು.

"ಹೌದ್ರಿ."

"ನನಗೂ ಆಗ್ಯಾದ."

ನಿಜ ಹೇಳಲು ಮೂರು ಸಲ ಬಾಯಿ ತೆರೆದೆ. ಹೇಳಿದರೂ ಆಯಿ ಶಾಲೆ ಬಿಡಿಸುತ್ತಾಳೆ, ಹೇಳದಿದ್ದರೂ ಬಿಡಿಸುತ್ತಾಳೆ. ಹೇಳದಿದ್ದರೆ ಏಟಾದರೂ ತಪ್ಪುತ್ತದೆ, ಬೈಗುಳ ಅಕ್ಕೋರ ಪಾಲಿಗೆ ಹೋಗುತ್ತದೆ. ಮೂರೂ ಸಲ ಬಾಯಿ ಮುಚ್ಚಿದೆ.

ಪಡಸಾಲೆಯಲ್ಲಿ ಆಯಿ ಜೋಳ ಹಸನು ಮಾಡುತ್ತಿದ್ದಳು, ಅಪ್ಪ ಪಕ್ಕದಲ್ಲಿದ್ದ. ಕೂರಲು ಹೇಳಿದರೂ ಅಕ್ಕೋರು ಕೂರಲಿಲ್ಲ.

"ನಿಮ್ಮ ಹುಡುಗಿ ಲಿಂಗ ನಾ ಬಿಚ್ಚಿಸೇನ್ರಿ. ನನ್ನ ಕೈಯಾಗ ಕೊಟ್ಟಿದ್ಳು, ಕಳದೇನ್ರಿ. ತಪ್ಪು ನಂದು, ಆಕಿದಲ್ಲ."

ಅಪ್ಪ ಎದ್ದು ನಿಂತ. "ನಂಬಿ ಕಳಿಸಿದ್ದಕ್ಕ ಛಲೋ ಮಾಡಿದ್ರಿ."

ಆಯಿ ಮೊರ ಕೆಳಗಿಟ್ಟಳು. "ಆಕಿ ಕೊಟ್ಟಿದ್ದು ನಿಮಗ ನೆನಪದ ಏನ್ರಿ?"

"ಇಲ್ರಿ. ಕೊಟ್ಟೇನಂತ ಆಕಿ ಹೇಳ್ಯಾಳ. ನೀಲಾ ಸುಳ್ಳು ಹೇಳೂದಿಲ್ರಿ."

ನಿಂತಲ್ಲೇ ಲಂಗ ಒದ್ದೆಯಾಯಿತು. ಅಪ್ಪನ ಕೈ ನೋಡುತ್ತಲೇ, ಬಿಕ್ಕುತ್ತಲೇ ಹೇಳಿದೆ: "ಕೊಟ್ಟಿಲ್ಲ ಆಯಿ. ಗಿಡಕ್ಕ ತೂಗಹಾಕಿದ್ದೆ. ಅಕ್ಕೋರಿಗಿ ಸುಳ್ಳು ಹೇಳೇನಿ."

ಅಪ್ಪ ಕೈ ಎತ್ತಿದ. ಆಯಿ ತಡೆದು ನನ್ನನ್ನು ಕೇಳಿದಳು.

"ಹೇಳಂತ ಯಾರರ ಅಂದ್ರೇನು ನಿನಗ?"

"ಇಲ್ಲ."

"ಮತ್ತ ಯಾಕ ಹೇಳ್ದಿ?"

ಅಕ್ಕೋರ ಕಡೆ ನೋಡಿದೆ. ಅವರು ಗೋಡೆಗೆ ಆತು ಕೂತುಬಿಟ್ಟಿದ್ದರು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಯಿ ನೀರಿನ ತಂಬಿಗೆ ತಂದು ಅವರ ಮುಂದಿಟ್ಟಳು. ಆಮೇಲೆ ಅಪ್ಪನಿಗೆ ಹೇಳಿದಳು: "ಮಠದ ಅಯ್ನೋರನ್ನ ಕರಕೊಂಡು ಬಾ, ಹುಡುಗಿಗಿ ಹೊಸ ಲಿಂಗ ಕಟ್ಟಲಿ. ಇಬ್ಬರೂ ಹಸದಾರ. ನಾಳಿ ಮುಂಜಾನಿ ಇಬ್ಬರನೂ ಬಸ್ಸಿಗಿ ಹತ್ತಿಸು."

"ಸಾಲಿಗೇನವ್ವ?" ಅಪ್ಪನಿಗೆ ನಂಬಿಕೆ ಬರಲಿಲ್ಲ.

"ಹೌದು, ಸಾಲಿಗೇ," ಎಂದಳು ಆಯಿ. "ಈ ಅಕ್ಕೋರ ಹತ್ರನೇ."