ಗೆರೆ ದಾಟದ ಭೂಪ್ರದಕ್ಷಿಣೆ

ರಾಜಮತಿ ನನ್ನ ಗೆಳತಿ. ಒಂದನೇ ಕ್ಲಾಸಿನಿಂದ ಪಕ್ಕದಲ್ಲಿ ಕೂತವಳು. ಹಾಗಾಗಿ ನಾನು ಎರಡೂ ಕಡೆಯ ಮಾತನ್ನು ತಕ್ಕಡಿಯಲ್ಲಿಟ್ಟು ತೂಗುತ್ತೇನೆಂದು ಯಾರೂ ಕಾಯಬೇಡಿ. ತೂಗುವವರು ಹಳೇಬೀಡಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಅವಳು ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮ ಆಗಿದ್ದಳು. ಲಸಿಕೆ ಡಬ್ಬಿಯನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಮಾದಿಹಳ್ಳಿ ಸುತ್ತಿನ ಊರುಗಳನ್ನೆಲ್ಲ ಮೂವತ್ತೈದು ವರ್ಷ ಸೈಕಲ್ಲಿನಲ್ಲೇ ತಿರುಗಿದಳು. ಬಡ್ತಿ ಕೊಟ್ಟು ಬೇರೆ ಜಿಲ್ಲೆಗೆ ಹಾಕಿದಾಗ ಎರಡು ಸಲವೂ ಬಡ್ತಿಯೇ ಬೇಡವೆಂದು ಬರೆದುಕೊಟ್ಟಳು. "ಎಂಥಾ ಆಸೆ ಇಲ್ಲದ ಹೆಣ್ಣುಮಗಳು" ಎಂದು ಊರು ಹೊಗಳಿತು. ಆಸೆ ಇರಲಿಲ್ಲವೆಂದು ಊರಿಗೆ ಹೇಳಿದವರು ಯಾರೋ! ಅವಳು ಹೋಗುವಂತಿರಲಿಲ್ಲ, ಅಷ್ಟೇ.

ಜೈನರಲ್ಲಿ ದಿಗ್ವ್ರತ ಅಂತ ಒಂದಿದೆ. ಈ ದಿಕ್ಕಿಗೆ ಇಲ್ಲಿಯ ತನಕ, ಆ ದಿಕ್ಕಿಗೆ ಅಲ್ಲಿಯ ತನಕ, ಅದರಾಚೆ ಬದುಕಿರುವವರೆಗೂ ಕಾಲಿಡುವುದಿಲ್ಲ ಎಂದು ಗೃಹಸ್ಥರು ಗುರುಗಳ ಮುಂದೆ ಗೆರೆ ಹಾಕಿಕೊಳ್ಳುವುದು. ಮನುಷ್ಯನ ಆಸೆಗೆ ಒಂದು ಬೇಲಿ ಇರಲಿ ಎಂದು. ವ್ರತದ ಮೇಲೆ ನನಗೆ ತಕರಾರಿಲ್ಲ. ಮನಸ್ಸಿಟ್ಟು ಪಾಲಿಸುವವರನ್ನು ಕಂಡು ಕೈಮುಗಿದಿದ್ದೇನೆ. ನನ್ನ ತಕರಾರು ಇರುವುದು ಅವಳ ಅಣ್ಣ ಯಶೋಧರನ ಮೇಲೆ.

ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ ನಮ್ಮೂರಿನಲ್ಲಿ ನಿಂತಿದ್ದರು. ಆ ವರ್ಷವೇ ರಾಜಮತಿಯ ಗಂಡ ತೀರಿಕೊಂಡಿದ್ದ. ಇಪ್ಪತ್ತಾರು ವಯಸ್ಸಿಗೆ ಅವಳು ತವರಿಗೆ ಬಂದಿದ್ದಳು. ಮಳೆಗಾಲ ಮುಗಿದು ಮುನಿಗಳು ಹೊರಡುವ ದಿನ ಯಶೋಧರಣ್ಣ ಮುಂದೆ ಬಂದು, ಮನೆಯ ಯಜಮಾನನಾಗಿ ಮನೆಮಂದಿಯ ಪರವಾಗಿ ದಿಗ್ವ್ರತ ತೆಗೆದುಕೊಂಡ. ಪೂರ್ವಕ್ಕೆ ಅರಸೀಕೆರೆಯ ರೈಲು ಹಳಿ, ಪಶ್ಚಿಮಕ್ಕೆ ಬೇಲೂರಿನ ಯಗಚಿ ಹೊಳೆ, ಉತ್ತರಕ್ಕೆ ಜಾವಗಲ್, ದಕ್ಷಿಣಕ್ಕೆ ಹಗರೆ. ಮುನಿಗಳು ಎಲ್ಲರ ಒಪ್ಪಿಗೆ ಇದೆಯೇ ಎಂದು ಕೇಳಿದರು. ಇದೆ ಎಂದವನೂ ಅಣ್ಣನೇ. ತಲೆ ತಗ್ಗಿಸಿ ನಿಂತಿದ್ದ ರಾಜಮತಿ ಬಾಯಿ ಬಿಡಲಿಲ್ಲ.

ಆಮೇಲೆ ಒಂದು ತಿಂಗಳೂ ಕಳೆದಿರಲಿಲ್ಲ, ಯಶೋಧರಣ್ಣ ಕೊಬ್ಬರಿ ಹೇರಿಕೊಂಡು ಹಳಿ ದಾಟಿ ತಿಪಟೂರಿಗೆ ಹೋದ. ಕೇಳಿದರೆ, "ಅದು ವ್ಯಾಪಾರ, ಅದು ಬೇರೆ." ಶಿಖರ್ಜಿಗೆ ಹೋದ. "ಅದು ತೀರ್ಥಯಾತ್ರೆ, ಅದು ಬೇರೆ." ಬೆಳಗಾವಿಯಲ್ಲಿ ಮಗಳ ಮದುವೆ ಮಾಡಿದ. ಅದೂ ಬೇರೆ. ಆ ಮದುವೆಗೆ ಮನೆಯವರೆಲ್ಲ ಹೋದರು, ಮನೆ ಕಾಯಲು ರಾಜಮತಿ ಉಳಿದಳು. ಶ್ರವಣಬೆಳಗೊಳದಲ್ಲಿ ಮೂರು ಮಹಾಮಸ್ತಕಾಭಿಷೇಕಗಳು ನಡೆದುಹೋದವು. ಮೂರಕ್ಕೂ ಅಣ್ಣ ಹೋಗಿಬಂದ, ಮೂರು ಸಲವೂ ಇವಳಿಗೆ ಅಭಿಷೇಕದ ನೀರು ತಂದುಕೊಟ್ಟ. ನಿನಗೆ ವ್ರತ ಇದೆಯಲ್ಲ ಎಂದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ನಾನು ಅವನ ಮುಖಕ್ಕೇ ಹೇಳಿದ್ದೇನೆ. ನಕ್ಕುಬಿಟ್ಟ. ಅವನೇನು ಕೆಟ್ಟವನಲ್ಲ. ತಂಗಿಗೆ ಉಣ್ಣಲು ಉಡಲು ಯಾವ ಕೊರತೆಯನ್ನೂ ಮಾಡಲಿಲ್ಲ. ಅದಕ್ಕೇ ಅವನ ಮೇಲೆ ನನಗೆ ಇನ್ನಷ್ಟು ಸಿಟ್ಟು.

ಎರಡು ಸಾವಿರದ ಇಪ್ಪತ್ತೆರಡರ ಮೇ ತಿಂಗಳ ಕೊನೆಗೆ ಅವಳು ನಿವೃತ್ತಳಾದಳು. ಆಸ್ಪತ್ರೆಯಲ್ಲಿ ಶಾಲು ಹೊದಿಸಿ, ಮುಂದೇನು ಮಾಡುತ್ತೀರಿ ನರ್ಸಮ್ಮ ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದರು. ಅವಳು ಮೈಕಿನಲ್ಲಿ, "ಸೈಕಲ್‌ನಲ್ಲಿ ಪ್ರಪಂಚ ಸುತ್ತಿ ಬತ್ತೀನಿ" ಎಂದಳು. ಜನ ತಮಾಷೆಯೆಂದು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ತಮಾಷೆಯಲ್ಲ ಎಂದು ಗೊತ್ತಾದದ್ದು ಮಾರನೆಯ ದಿನ. ಬಸ್‌ಸ್ಟ್ಯಾಂಡ್ ಹತ್ತಿರದ ಸೈಕಲ್ ಶಾಪಿನ ಕುಮಾರ ಅವಳು ಹೇಳಿಟ್ಟಿದ್ದ ಗೇರ್ ಸೈಕಲ್ಲನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ನಾನೂ ಅಲ್ಲೇ ಇದ್ದೆ. ಯಶೋಧರಣ್ಣ ಒಳಗಿನಿಂದ ಬಂದು ನೋಡಿದ.

"ಏನೇ ಇದು? ವ್ರತ ಮುರೀತೀಯಾ?"

"ಯಾವ ವ್ರತ ಅಣ್ಣಯ್ಯ? ನೀನು ಮುರ್ದಿರೋದಾ?"

"ನಂದು ಬೇರೆ."

"ಬೇರೆ ಅಂತೀಯಲ್ಲ, ಆ ಗೆರೆ ನಮ್ಮೆಲ್ರಿಗೂ ಹಾಕಿದ್ದಾ, ನಂಗೊಬ್ಳಿಗೇನಾ? ಅಷ್ಟು ಹೇಳು ಸಾಕು."

"ಮೂವತ್ನಾಲ್ಕು ವರ್ಷದ ಮೇಲೆ ಈಗ್ಯಾಕೆ ಆ ಮಾತು? ಅರವತ್ತಕ್ಕೆ ಅರಳುಮರಳು ಅನ್ನೋದು ಸುಳ್ಳಲ್ಲ."

ಅವಳು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತೇ ಇದ್ದಳು. "ಸರಿ ಅಣ್ಣಯ್ಯ. ನಿನ್ನ ಗೆರೆ ಒಳಗೇ ಪ್ರಪಂಚ ಸುತ್ತೀನಿ. ಭೂಮಿ ಸುತ್ತಳತೆ ಎಷ್ಟೈತೋ ಅಷ್ಟನ್ನೂ ಇಲ್ಲೇ ತುಳೀತೀನಿ, ಚಕ್ರ ಒಂದಂಗುಲ ಆಚೆ ಹೋಗಲ್ಲ. ಮುಗಿಸ್ದ ದಿನ ನೀನು ಬಸದಿ ಮುಂದೆ ನಿಂತ್ಕಂಡು, ನಾಲ್ಕು ಜನರೆದುರಿಗೆ, ಗೆರೆ ಯಾರಿಗೆ ಹಾಕಿದ್ದು ಅಂತ ಹೇಳ್ಬೇಕು. ಆಗ್ತದಾ?"

"ಓಹೋ, ಆಗ್ಲಿ ಬಿಡು" ಎಂದು ಅವನು ನಗುತ್ತಾ ಒಳಗೆ ಹೋದ. ವಾರ ಕಳೆದರೆ ಸೈಕಲ್ಲು ಕೊಟ್ಟಿಗೆ ಸೇರುತ್ತದೆ ಎಂದು ಅವನ ಲೆಕ್ಕ. ಸುಳ್ಳೇಕೆ ಹೇಳಲಿ, ನನ್ನ ಲೆಕ್ಕವೂ ಅದೇ ಆಗಿತ್ತು.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು. ಭೂಮಿಯ ಸುತ್ತಳತೆ ಸಮಭಾಜಕ ವೃತ್ತದಲ್ಲಿ ನಲವತ್ತು ಸಾವಿರದ ಎಪ್ಪತ್ತೈದು ಕಿಲೋಮೀಟರ್, ನಮ್ಮ ಹಳೇಬೀಡಿನ ಅಕ್ಷಾಂಶ ಹಿಡಿದು ಸುತ್ತಿದರೆ ಒಂದು ಸಾವಿರದಷ್ಟು ಕಡಿಮೆಯಾಗುತ್ತದೆ ಎಂದು ತಿಳಿಸಿದೆ. ಉಪಕಾರ ಮಾಡಿದೆ ಎಂದುಕೊಂಡಿದ್ದೆ. "ರಿಯಾಯಿತಿ ತಗೊಳಕ್ಕೆ ನಾನೇನು ಸಂತೇಲಿ ಸೊಪ್ಪು ತಗೋತಿದೀನೇನೇ ಹೇಮಾ?" ಎಂದು ಬೈದಳು. ದೊಡ್ಡ ಲೆಕ್ಕವೇ ಗಟ್ಟಿಯಾಯಿತು. ಕುಮಾರ ಚಕ್ರಕ್ಕೊಂದು ಮೀಟರು ಕೂರಿಸಿದ. ನಮ್ಮ ಮನೆಯ ನಡುಮನೆಯಲ್ಲಿ ನಾನು ಪ್ರಪಂಚದ ನಕ್ಷೆ ಅಂಟಿಸಿ, ಅವಳು ತುಳಿದಷ್ಟು ದೂರ ಹಳೇಬೀಡಿನಿಂದ ಪಶ್ಚಿಮಕ್ಕೆ ಒಂದು ಪಿನ್ನು ಸರಿಸುತ್ತಾ ಹೋದೆ.

ಒಂದು ದಿನ ಬೇಲೂರು, ಒಂದು ದಿನ ಅರಸೀಕೆರೆ. ಬೇಲೂರಿನ ದಿನ ಹೋಗಿಬರುವುದು ಮೂವತ್ತರ ಚಿಲ್ಲರೆ, ಅರಸೀಕೆರೆಯ ದಿನ ಎಂಬತ್ತರ ಹತ್ತಿರ. ಸೂರ್ಯ ಹುಟ್ಟಿದ ಮೇಲೆ ತಿಂಡಿ ತಿಂದು ಹೊರಟರೆ, ಮುಳುಗುವುದರೊಳಗೆ ಮನೆ ಸೇರಿ ಊಟ ಮುಗಿಸಬೇಕು. ರಾತ್ರಿ ಉಣ್ಣುವುದಿಲ್ಲವೆಂಬ ನೇಮವನ್ನು ಅವಳು ಹನ್ನೆರಡನೇ ವಯಸ್ಸಿಗೆ ತಾನಾಗಿ ತೆಗೆದುಕೊಂಡವಳು. ಅದನ್ನು ಯಾರೂ ಅವಳ ಪರವಾಗಿ ಹೇಳಿರಲಿಲ್ಲ. ಎದುರುಗಾಳಿಯ ದಿನಗಳಲ್ಲಿ ತಡವಾದರೆ ನೀರು ಕೂಡ ಮುಟ್ಟದೆ ಮಲಗುತ್ತಿದ್ದಳು.

ಊರು ಸುಮ್ಮನಿರಲಿಲ್ಲ. "ನರ್ಸಮ್ಮ ಇವತ್ತು ಯಾವ ದೇಶ?" ಎಂದು ಹೋಟೆಲ್ ಮುಂದೆ ಕೂತವರು ಕೂಗುತ್ತಿದ್ದರು. ಇವಳು ಬ್ರೇಕ್ ಹಾಕಿ, ನೆಟ್ಟಗೆ ಉತ್ತರ ಕೊಡುತ್ತಿದ್ದಳು. "ಯೆಮನ್." ಇನ್ನೊಂದು ತಿಂಗಳಿಗೆ, "ಆಫ್ರಿಕಾ ಮಧ್ಯ, ಬಿಸ್ಲು ಜಾಸ್ತಿ." ಅಟ್ಲಾಂಟಿಕ್‌ ಸಾಗರಕ್ಕೆ ಇಳಿದಾಗ, ಸೈಕಲ್ ನೀರಲ್ಲಿ ಹೆಂಗೆ ಹೋಗ್ತದೆ ಎಂದು ಲಕ್ಕಪ್ಪ ಎಂಬ ಬಾಯಿಬಡುಕ ಕೇಳಿದ. "ನೀನು ಕೂತಲ್ಲೇ ಇಡೀ ಊರು ತಿರುಗ್ತೀಯಲ್ಲಪ್ಪ, ಹಂಗೇ" ಎಂದಳು. ಆ ಹೋಟೆಲಿನಲ್ಲಿ ಅವನಿಗೆ ಒಂದು ವಾರ ಉಳಿಗಾಲವಿರಲಿಲ್ಲ.

ಪೆಸಿಫಿಕ್‌ ಮಾತ್ರ ನಗುವ ವಿಷಯವಾಗಿರಲಿಲ್ಲ. ಒಂಬತ್ತು ತಿಂಗಳಿಗೂ ಮೇಲೆ ನಕ್ಷೆಯಲ್ಲಿ ಬರೀ ನೀಲಿ. ಚುಚ್ಚಿದ ಪಿನ್ನಿನ ಸುತ್ತ ಒಂದು ಊರಿನ ಹೆಸರೂ ಇಲ್ಲ. ಅವಳ ಮೊಣಕಾಲು ಊದಿಕೊಂಡಿತು. ಡಾಕ್ಟರು ಮೂರು ವಾರ ಮಲಗಿಸಿದರು. "ಸಾಕು ಬಿಡೇ, ಯಾರಿಗೋಸ್ಕರ ಇದೆಲ್ಲ?" ಎಂದೆ ನಾನು. "ನಡು ಸಮುದ್ರದಲ್ಲಿ ಇಳಿ ಅಂತೀಯಲ್ಲೇ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ನಾಚಿಕೆಯಾಯಿತು. ನಾಲ್ಕನೇ ವಾರ ಬಟ್ಟೆ ಸುತ್ತಿದ ಮೊಣಕಾಲಲ್ಲೇ ಬೇಲೂರಿಗೆ ಹೋಗಿಬಂದಳು.

ಇಷ್ಟರಲ್ಲಿ ಯಶೋಧರಣ್ಣನ ನಗು ಇಳಿದಿತ್ತು. ಇವಳು ಎಲ್ಲೋ ಗೆರೆ ದಾಟುತ್ತಾಳೆ, ಹಿಡಿದರೆ ಪಂದ್ಯ ಮುಗಿಯಿತು ಎಂದು ಅವನಿಗೆ ಅನುಮಾನ. ಒಂದು ದಿನ ನನಗೆ ಅರಸೀಕೆರೆಯಲ್ಲಿ ಕಣ್ಣು ತೋರಿಸುವುದಿತ್ತು. "ನಾನೂ ಆ ಕಡೆಗೇ ಹೊರಟಿದೀನಿ ಬಾ" ಎಂದು ಅವನು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡ. ಅರ್ಧ ದಾರಿಯಲ್ಲಿ ನೋಡಿದರೆ ಮುಂದೆ ರಾಜಮತಿಯ ಸೈಕಲ್ಲು, ಹಿಂದೆ ನಾವು. ಎತ್ತಿನಗಾಡಿಯಂತೆ ಕಾರು ಓಡಿಸಿದ.

ಅರಸೀಕೆರೆಯ ರೈಲ್ವೆ ಗೇಟು ತೆರೆದೇ ಇತ್ತು. ಅವಳು ಹಳಿಗೆ ಎರಡು ಮಾರು ಈಚೆ ನಿಂತಳು, ಕಾಲು ಕೆಳಗಿಟ್ಟಳು, ಸೈಕಲ್ಲು ತಿರುಗಿಸಿದಳು. ನಮ್ಮನ್ನು ನೋಡಿದಳು. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಯಶೋಧರಣ್ಣ ಕಾರನ್ನು ನಿಲ್ಲಿಸಲಿಲ್ಲ, ನೇರ ಹಳಿಯ ಮೇಲೆ ಬಿಟ್ಟ.

"ಅಣ್ಣಯ್ಯ, ಹಳಿ!" ಎಂದು ಅವಳು ಕೂಗಿದಳು.

ಅವನು ಕಿಟಕಿಯಿಂದ ತಲೆ ಹೊರಹಾಕಿ, "ತಿಪಟೂರು ಕಣೇ, ವ್ಯಾಪಾರ..." ಎಂದ. 'ಅದು ಬೇರೆ' ಎನ್ನುವಷ್ಟರಲ್ಲಿ ಕಾರು ಆಚೆ ಇತ್ತು. ಅಲ್ಲಿಂದ ಆಸ್ಪತ್ರೆಯವರೆಗೆ ಅವನು ನನ್ನ ಕಡೆ ನೋಡಲಿಲ್ಲ. ನಾನಂತೂ ಅವನನ್ನೇ ನೋಡುತ್ತಾ ಕೂತಿದ್ದೆ.

ಇಪ್ಪತ್ತನಾಲ್ಕರ ಅಕ್ಟೋಬರ್ ಕೊನೆಗೆ, ಒಂದು ಭಾನುವಾರ ಸಂಜೆ ನಾಲ್ಕು ಗಂಟೆಗೆ, ಬಸದಿಯ ಮುಂದೆ ಮೀಟರು ನಲವತ್ತು ಸಾವಿರದ ಎಪ್ಪತ್ತೈದು ತೋರಿಸಿತು. ಕುಮಾರ ಬಗ್ಗಿ ಎರಡು ಸಲ ಓದಿದ. ಕೂಗುತ್ತಿದ್ದ ಹೋಟೆಲಿನವರೆಲ್ಲ ಬಂದಿದ್ದರು. ಲಕ್ಕಪ್ಪ ಹಾರ ತಂದಿದ್ದ. ಯಶೋಧರಣ್ಣ ಬಿಳಿ ಪಂಚೆಯಲ್ಲಿ ಮೆಟ್ಟಿಲ ಮೇಲೆ ನಿಂತಿದ್ದ. ಎಪ್ಪತ್ತು ವರ್ಷದ ಆಳು ಅವತ್ತು ಎಂಬತ್ತರವನಂತೆ ಕಂಡ.

ಅವನು ಬಾಯಿ ತೆರೆಯುವ ಮೊದಲೇ ಬಸದಿಯ ಪುರೋಹಿತ ಇಂದುಧರ ಮುಂದೆ ಬಂದರು. ಒಳ್ಳೆಯ ಮನುಷ್ಯ, ಜಗಳವನ್ನು ಕಂಡರಾಗದು. "ರಾಜಮತಮ್ಮ, ದೊಡ್ಡ ಸಾಧನೆ ಮಾಡಿದ್ದೀರಿ. ಇದಕ್ಕೊಂದು ದಾರಿ ಇದೆ. ನೀವೊಂದು ಪ್ರಾಯಶ್ಚಿತ್ತ ಮಾಡ್ಕೊಳಿ, ಗುರುಗಳನ್ನ ಕೇಳಿ ಗೆರೆ ಸ್ವಲ್ಪ ಸಡಿಲ ಮಾಡಿಸೋಣ. ಬೆಳಗೊಳದವರೆಗೆ ಹೋಗಿಬರಬಹುದು."

ರಾಜಮತಿ ಹಾರ ತೆಗೆದು ಸೈಕಲ್ಲಿಗೆ ಹಾಕಿದಳು. "ಪ್ರಾಯಶ್ಚಿತ್ತ ಮುರ್ದೋರಿಗೆ ತಾನೇ ಸ್ವಾಮಿ? ಈ ಮನೇಲಿ ಮುರೀದೇ ಇರೋಳು ನಾನೊಬ್ಳೇ. ಬೇಕಾದೋರು ಸಾಲಾಗಿ ನಿಂತ್ಕೊಳ್ಳಿ, ನಾನು ನೋಡ್ತೀನಿ." ಆಮೇಲೆ ಅಣ್ಣನ ಕಡೆ ತಿರುಗಿದಳು. "ನಂಗೆ ಸಡಿಲ ಬೇಡ. ಉತ್ತರ ಬೇಕು."

ಯಶೋಧರಣ್ಣ ಹೆಗಲ ಮೇಲಿನ ಉತ್ತರೀಯದ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಎಲ್ರಿಗೂ ಅಂತ ಹೇಳ್ದೆ" ಎಂದ. "ಹಾಕಿದ್ದು ನಿಂಗೊಬ್ಳಿಗೇ. ಇಪ್ಪತ್ತಾರು ವರ್ಷದ ಹುಡುಗಿ, ಕೈಲಿ ಕೆಲ್ಸ, ಕಾಲಲ್ಲಿ ಸೈಕಲ್ಲು. ಎಲ್ಲಿಗೆ ಹೋಗ್ತೀಯೋ, ಯಾರ ಜೊತೆ ಹೋಗ್ತೀಯೋ ಅಂತ ಭಯ ಆಯ್ತು. ನಿಂಗೆ ನೇರವಾಗಿ ಬೇಡ ಅನ್ನೋ ಧೈರ್ಯ ನಂಗಿರ್ಲಿಲ್ಲ. ಗುರುಗಳ ಮುಂದೆ ಹೇಳ್ಬಿಟ್ರೆ ನೀನು ಮೀರಲ್ಲ ಅಂತ ಗೊತ್ತಿತ್ತು."

ಅಷ್ಟು ಜನರ ನಡುವೆ ಅವನು ಅಷ್ಟು ಹೇಳಿದ್ದಕ್ಕೆ ನನಗೆ ಅವನ ಮೇಲೆ ಮೊದಲ ಸಲ ಗೌರವ ಹುಟ್ಟಿತು. ರಾಜಮತಿಗೆ ಏನನ್ನಿಸಿತೋ, ಮುಖದಲ್ಲಿ ಕಾಣಲಿಲ್ಲ. "ನಾನು ಹೇಳ್ದೇ ಇದ್ದ ಮಾತನ್ನ ಮೂವತ್ತಾರು ವರ್ಷ ನಡ್ಸಿದೀನಿ. ಇವತ್ತಿಗೆ ಅದು ನಿಂಗೆ ವಾಪಸ್ಸು" ಎಂದಳು. ಅವಳ ಪಾಸ್‌ಪೋರ್ಟ್ ಆಗಲೇ ಬಂದಿತ್ತು. ಚೆನ್ನೈವರೆಗೆ ಸೈಕಲ್ಲಿನಲ್ಲಿ, ಅಲ್ಲಿಂದ ಸೈಕಲ್ ಸಮೇತ ವಿಮಾನದಲ್ಲಿ ವಿಯೆಟ್ನಾಂಗೆ, ಆಮೇಲೆ ರಸ್ತೆ ಹೋದಲ್ಲಿಗೆ ಎಂದು ನಾವಿಬ್ಬರೇ ಕೂತು ಗೊತ್ತುಮಾಡಿದ್ದೆವು.

ಮರುದಿನ ಬೆಳಿಗ್ಗೆ ತಿಂಡಿ ತಿಂದು ಹೊರಟಳು. ಅಣ್ಣನ ಕಾಲಿಗೆ ನಮಸ್ಕಾರ ಮಾಡಿದಳು, ಅಪ್ಪಣೆ ಕೇಳಲಿಲ್ಲ. ನಾನು ಬಸ್ಸಿನಲ್ಲಿ ಮುಂಚೆಯೇ ಹೋಗಿ ಅರಸೀಕೆರೆಯ ಗೇಟಿನ ಹತ್ತಿರ ಕಾದೆ. ನಿಲ್ಲುತ್ತಾಳೆ, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ ಎಂದೆಲ್ಲ ಅಂದುಕೊಂಡಿದ್ದೆ. ಏನೂ ಮಾಡಲಿಲ್ಲ. ನನಗೊಂದು ಕೈ ಎತ್ತಿ, ದಡಬಡ ಹಳಿ ದಾಟಿ ಹೋಗಿಯೇಬಿಟ್ಟಳು.

ಮಧ್ಯಾಹ್ನ ಫೋನ್ ಬಂತು. ಲಾರಿಗಳ ಸದ್ದು, ಹಮಾಲರ ಕೂಗು ಕೇಳಿಸುತ್ತಿತ್ತು.

"ಹೇಮಾ, ತಿಪಟೂರಲ್ಲಿದೀನಿ ಕಣೇ."

"ಹೆಂಗೈತೆ?"

"ಏನೂ ಇಲ್ಲ ಕಣೇ ಇಲ್ಲಿ. ನಮ್ಮೂರಂಗೇ ಐತೆ. ಅವೇ ಅಂಗಡಿ, ಅದೇ ಬಿಸ್ಲು, ಬರೀ ಕೊಬ್ಬರಿ. ಇದನ್ನ ನೋಡ್ಬಾರ್ದು ಅಂತಲೇನೇ ಮೂವತ್ತಾರು ವರ್ಷ?"

ಅವಳು ಅತ್ತಳು. ನಲವತ್ತು ಸಾವಿರ ಕಿಲೋಮೀಟರಿನಲ್ಲಿ ಒಂದು ಸಲವೂ ಅಳದವಳು ಮಾರ್ಕೆಟ್ಟಿನ ನಡುವೆ ನಿಂತು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ. ಆಮೇಲೆ ಮೂಗು ಸೀಟಿದ ಸದ್ದು ಕೇಳಿಸಿತು.

"ನಕ್ಷೆ ಹತ್ರ ಹೋಗು" ಎಂದಳು. "ಮುಂದಿನ ಊರು ಯಾವುದು ಹೇಳು."